ಹದಿನಾಲ್ಕರ ಸಾಲು

ಗ್ರಂಥಾಲಯದ ಹೊಸ ಮಹಡಿಯಲ್ಲಿ ಉದ್ದ ಮೇಜು.
"ನಿಮ್ಮನ್ನು ರೂಪಿಸಿದ ಒಂದು ಪುಸ್ತಕ ತಂದಿಡಿ,
ಪಕ್ಕದಲ್ಲಿ ಐವತ್ತು ಶಬ್ದ" ಅಂತ ಸುತ್ತೋಲೆ.
ತತ್ವಶಾಸ್ತ್ರದ ಅಂಬಾಡಿಯವರದು ರೇಷ್ಮೆ ಬಟ್ಟೆಯಲ್ಲಿ ಬಂತು,
ಎರಡೂ ಕೈ ಬೇಕು ಎತ್ತಲಿಕ್ಕೆ.
ಚರಿತ್ರೆಯ ಸೆಲೀನಾ ಕ್ರಾಸ್ತಾರದ್ದಕ್ಕೆ
ಒಳಪುಟದಲ್ಲಿ ಲೇಖಕರದೇ ಸಹಿ.
ನನ್ನದು ಇಪ್ಪತ್ತನಾಲ್ಕು ಪುಟ, ಹೊಲಿಗೆ ಬಿಟ್ಟದ್ದು.
ಮೇಜಿನ ಹುಡುಗ ತಿರುಗಿಸಿ ಮುರುಗಿಸಿ ನೋಡಿದ:
"ಟೀಚರೇ, ಇದಕ್ಕೆ ಬರೆದವರ ಹೆಸರೇ ಇಲ್ಲ."

ಬರೆದವರದಿಲ್ಲ. ಓದಿದವರದುಂಟು.
ರಟ್ಟಿನ ಮೇಲೆ ಒಂದರಡಿಗೊಂದು:
ಮಲಯಾಳದಲ್ಲಿ ಶಶಿಧರನ್, ಗೀಟು ಹೊಡೆದದ್ದು.
ಕನ್ನಡದಲ್ಲಿ ರುಕಿಯಾ, ಪ್ರಿಡಿಗ್ರಿ ಒಂದು, ಗೀಟು.
(ಮದುವೆಯಾಗಿ ಉಪ್ಪಳಕ್ಕೆ ಹೋದಳೆಂದು
ಹಳೆ ಬಸ್‌ಸ್ಟ್ಯಾಂಡಿನ ಹಿಂದೆ ಎರಡು ರೂಪಾಯಿಗೆ ಮಾರಿದವ ಹೇಳಿದ್ದ.)
ಕೊನೆಗೆ ವಾರಿಜಾ, ಪೈವಳಿಕೆ.
ನನಗೆ ಗೀಟು ಹೊಡೆಯುವವರು ಬರಲಿಲ್ಲ,
ಕ್ಯಾಲ್ಕುಲೇಟರ್ ಬಂತು.

ಹತ್ತರವರೆಗೆ ಕನ್ನಡದಲ್ಲಿ ಕಲಿತವಳು
ಕಾಸರಗೋಡಿನ ಕಾಲೇಜಿಗೆ ಕಾಲಿಟ್ಟಾಗ
ಪಾಠ ಇಂಗ್ಲಿಷು, ಪಾಠದ ನಡುವಿನ ನಗೆ ಮಲಯಾಳ.
ಎಲ್ಲರೂ ನಕ್ಕು ಮುಗಿಸಿದ ಮೇಲೆ ನಾನು ನಗುತ್ತಿದ್ದೆ.
ಲಾಗರಿದಮ್ ಪುಸ್ತಕ ಒಂದೇ
ಯಾವ ಭಾಷೆಯೂ ಇಲ್ಲದೆ ಬಾಗಿಲು ತೆಗೆದದ್ದು.
ಸಾಲು, ಸಾಲು, ಅಂಕಿಯ ಸಾಲು.
ಹಳೆಯ ಪಠ್ಯದಲ್ಲಿ ಅದಕ್ಕೆ ಲಘುಗಣಕ ಅಂತ ಹೆಸರು.
ನನಗೆ ಆ ವರ್ಷ ಲಘುವಾಗಿದ್ದದ್ದು ಅದೊಂದೇ.

ಅಮ್ಮ ಸೂಪು ಮಡಿಲಲ್ಲಿಟ್ಟು ಬೀಡಿ ಸುತ್ತುತ್ತಿದ್ದಳು.
ಇಪ್ಪತ್ತೈದರ ಕಟ್ಟು ಮೂವತ್ತೊಂಬತ್ತು ಕೊಟ್ಟರೆ
ಬ್ರಾಂಚಿನ ಧಣಿ ಒಂಬೈನೂರೆಂದು ಬರೆಯುತ್ತಿದ್ದ.
"ಬೀಡಿಗೆ ಬಿಡಿ ಲೆಕ್ಕ ಇಲ್ಲ ಅಕ್ಕ."
ಅವನ ಲೆಕ್ಕ ಯಾವತ್ತೂ ಕೆಳಗೇ ಉರುಳುವುದು,
ಗುಡ್ಡೆಯ ಕಲ್ಲಿನ ಹಾಗೆ.

ಪುಸ್ತಕ ಬೇರೆ ಹೇಳಿತು:
ಕೊನೆಯ ಅಂಕಿ ಪೂರ್ತಿ ನಿಜವಲ್ಲ.
ಐದಕ್ಕಿಂತ ಕಡಿಮೆಯಾದರೆ ಬಿಡು,
ಐದು ಮುಟ್ಟಿದರೆ ಮೇಲಕ್ಕೆ ಏರಿಸು.
ಎಷ್ಟು ತಪ್ಪಬಹುದೆಂದು ಮೊದಲೇ ಒಪ್ಪಿಕೊ.
ಆ ರಾತ್ರಿ ಅಮ್ಮನಿಗೆ ಹೇಳಿದೆ,
ಒಂಬೈನೂರ ಎಪ್ಪತ್ತೈದು ಸಾವಿರದ ಹತ್ತಿರದ್ದು ಅಂತ.
ಅಮ್ಮ ಕತ್ತರಿ ನಿಲ್ಲಿಸದೆ ಅಂದಳು:
"ಪುಸ್ತಕವನ್ನೇ ಬ್ರಾಂಚಿಗೆ ಕಳಿಸು ಮಗ."

ಇಪ್ಪತ್ತೊಂಬತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದೆ.
ಮೂವತ್ತೊಂಬತ್ತೂವರೆ ನನ್ನ ಕೈಯಲ್ಲಿ ನಲವತ್ತಾಯಿತು.
ಎಪ್ಪತ್ತನಾಲ್ಕೂವರೆ ಹಾಜರಿ ಪರೀಕ್ಷೆಗೆ ಕೂತಿತು.
ಟೀಚರ್ ಮೃದು ಎಂದರು.
ಮೃದು ಎಂತದು, ನಿಯಮ.

ಕಳೆದ ಜೂನಿನಲ್ಲಿ ಐತಪ್ಪ ಮಾಷ್ ಬಂದರು,
ನಾನು ಓದಿದ ಶಾಲೆಯವರು, ಕೈಯಲ್ಲಿ ಕಾಗದ.
ಕನ್ನಡ ವಿಭಾಗ ಉಳಿಯಲು ಹದಿನೈದು ಮಕ್ಕಳು ಬೇಕು,
ಹದಿನಾಲ್ಕುಂಟು. ಸಮಿತಿಯಲ್ಲಿ ನನ್ನ ಸಹಿ.
"ನೀವು ಏರಿಸುವವರಲ್ಲವಾ?"

ಅವರು ಹೋದ ಮೇಲೆ ಪುಸ್ತಕ ತೆರೆದೆ.
ಹದಿನಾಲ್ಕರ ಸಾಲು: ೧೪೬೧.
ಹದಿನೈದರದು: ೧೭೬೧.
ಹದಿನಾಲ್ಕೂವರೆಗೂ ಅಲ್ಲೊಂದು ಮನೆಯುಂಟು, ೧೬೧೪.
ಅರ್ಧ ಮಗುವಿಗೆ ಬೆಂಚಿನಲ್ಲಿ ಜಾಗವಿಲ್ಲ.
ಮರುದಿನ ಹೋಗಿ ಎಣಿಸಿದೆ, ಎರಡು ಸಲ.
ಎರಡನೇ ಸಲ ಬೇಕೆಂದೇ ನಿಧಾನ ಎಣಿಸಿದೆ,
ಯಾರಾದರೂ ತಡವಾಗಿ ಓಡಿ ಬರಲಿ ಎಂದು.

ಹದಿನಾಲ್ಕು ಎಂದು ಬರೆದೆ.

ಈಗ ಕುಂಬಳೆ ಪೇಟೆಯಲ್ಲಿ ನನ್ನನ್ನು ಕಂಡರೆ
ಮಾಷ್ ರಸ್ತೆ ದಾಟುತ್ತಾರೆ.
ನನ್ನ ಉತ್ತರ ಸರಿಯೇ, ಎಷ್ಟು ಸಲ ನೋಡಿದರೂ.
ಆದರೂ ಕೆಲವು ರಾತ್ರಿ
ನನ್ನ ಬೆರಳ ನಡುವೆ ಇರುವುದು ಯಾರ ಪೆನ್ನು,
ನನ್ನದೋ ಬ್ರಾಂಚಿನ ಧಣಿಯದೋ, ತಿಳಿಯುವುದಿಲ್ಲ.

ಐವತ್ತು ಶಬ್ದದ ಚೀಟಿ ಖಾಲಿಯೇ ಉಳಿಯಿತು.
ಹುಡುಗನಿಗೆ ಮಾತ್ರ ಪಟ್ಟಿ ತುಂಬಲೇಬೇಕು:
"ಕರ್ತೃ ಎಂದು ಎಂತ ಹಾಕಲಿ?"
ರಟ್ಟಿನ ಮೇಲೆ ಉಂಟಲ್ಲ, ಶಶಿಧರನ್, ರುಕಿಯಾ.
"ಮೂರನೆಯದು?"
ಅದನ್ನು ಸದ್ಯಕ್ಕೆ
ಪೆನ್ಸಿಲಿನಲ್ಲಿ ಬರಿ ಎಂದೆ.