ಹುಣಸೆಹಣ್ಣಿನ ಲೆಕ್ಕ

ಮತ್ತಿಕೆರೆಯ ನಮ್ಮ ಲ್ಯಾಬಿಗೆ ಸಮುದ್ರ
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಮುಕ್ಕಾಲು ಗಂಟೆ ನಿಂತು
ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬರುತ್ತದೆ.
ಸಹಿ ಹಾಕಿಸಿಕೊಳ್ಳುತ್ತ ಡ್ರೈವರ್ ಕೇಳಿದ:
"ಮೀನಾ, ಮೇಡಂ?"
ನೀರು, ಅಂದೆ.
ನಲ್ಲಿ ವಾರಕ್ಕೆರಡು ಸಲ ಬಾಯಿ ಬಿಡುವ ಊರಿನವನು,
ಅರ್ಥವಾದವನ ಹಾಗೆ ತಲೆಯಾಡಿಸಿದ.

ಗಾಜನ್ನು ಮೊದಲು ಸುಡಬೇಕು.
ನಾನೂರ ಐವತ್ತು ಡಿಗ್ರಿ, ಐದು ಗಂಟೆ.
ಬೆರಳಚ್ಚು, ಎಣ್ಣೆಜಿಡ್ಡು, ಕಾರಿಡಾರಿನ ಒಗ್ಗರಣೆ ವಾಸನೆ,
ಗಾಜು ಊದಿದ ಮೌನೇಶಾಚಾರರ ಉಸಿರು
ಎಲ್ಲವೂ ಇಂಗಾಲವೇ.
ನಲವತ್ತು ವರ್ಷ ಕೆನ್ನೆ ಉಬ್ಬಿಸಿದವರು
ಬಾಟಲಿ ಕೈಗಿಡುವಾಗ ಹೇಳುತ್ತಿದ್ದರು:
"ತಗೊಳ್ಳಮ್ಮ ಫಿಲೋಮಿನಾ, ಸುಟ್ಟಾಕು ನನ್ನ."

ಈ ನೀರು ಎರಡೂವರೆ ಸಾವಿರ ಮೀಟರು ಕೆಳಗಿನದು,
ಹಿಂದೂ ಮಹಾಸಾಗರದ ತಳ ಬಿರಿದಿರುವಲ್ಲಿಯದು.
ಅಲ್ಲಿ ಬಂಡೆ ನೀರು ಕುಡಿಯುತ್ತದೆ,
ಒಡಲಲ್ಲಿ ಕಾಯಿಸಿ ಕಪ್ಪಗೆ ಉಗುಳುತ್ತದೆ.
ಮುನ್ನೂರ ಅರವತ್ತು ಡಿಗ್ರಿ. ಆದರೂ ಕುದಿಯುವುದಿಲ್ಲ,
ತಲೆಯ ಮೇಲೆ ಹೊತ್ತ ಭಾರ ಬಿಡುವುದಿಲ್ಲ.
ಇಲ್ಲಿ, ಒಂಬೈನೂರು ಮೀಟರು ಎತ್ತರದಲ್ಲಿ,
ತೊಂಬತ್ತೇಳಕ್ಕೇ ಕೊತಕೊತ ಅನ್ನುತ್ತೇವೆ ನಾವು,
ಬೇಳೆ ಮಾತ್ರ ಬೆಂದಿರುವುದಿಲ್ಲ.

ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ, ಅಂತ
ಅಮ್ಮ ಬೈಯುತ್ತಿದ್ದಳು ನನ್ನ ಸಂಬಳಕ್ಕೆ.
ಆ ಹುಣಸೆಹಣ್ಣು ಹುಡುಕುವುದೇ ಈಗ ಸಂಬಳದ ಕೆಲಸ.
ಸತ್ತ ಪಾಚಿ, ಮೀನಿನ ಲೋಳೆ, ಏಡಿಯ ಚಿಪ್ಪು,
ಯಾವುದೋ ನದಿ ತಂದ ಎಲೆಗಳ ಕಷಾಯ,
ಕರಗಿ, ಚೂರಾಗಿ, ಚೂರಿನ ಚೂರಾಗಿ
ಕೊನೆಗೆ ಯಾವ ಬಾಯಿಗೂ ರುಚಿಸದೆ
ಕತ್ತಲಲ್ಲಿ ಸುತ್ತುತ್ತಿರುತ್ತವೆ.
ನಾಲ್ಕು ಸಾವಿರ, ಐದು ಸಾವಿರ ವರ್ಷ.
ರಾಜನಿಗೆ ಬೆಂದ ಕಾಳು ಕೊಟ್ಟ ಮುದುಕಿಯ ಕತೆ
ಈ ಊರಿಗೆ ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ.
ಹತ್ತಿರ ಹತ್ತಿರ ಇಡೀ ಆಕಾಶ ಹೊತ್ತಿರುವಷ್ಟು ಇಂಗಾಲ
ಹೀಗೆ ಬರೀ ಉಪ್ಪುನೀರಿನಲ್ಲಿ, ಯಾರಿಗೂ ಬೇಡವಾಗಿ.

ಪಕ್ಕದ ತಣ್ಣನೆಯ ನೀರಿನಲ್ಲಿ ನಲವತ್ತು.
ಬುಗ್ಗೆಯ ಬಾಯಲ್ಲೇ ಹಿಡಿದ ಹದಿನೇಳನೇ ಬಾಟಲಿಯಲ್ಲಿ
ಹನ್ನೊಂದು.
ಮೂರು ಸಲ ಅಳೆದೆ.
ಎರಡನೇ ಸಲ ಕರೆಂಟು ಹೋಗಿ ಯುಪಿಎಸ್ ಕಿರುಚಿತು.
ಮೂರನೆಯದೂ ಹನ್ನೊಂದು.

ಅಂದರೆ ಅಲ್ಲಿಯೂ ಒಬ್ಬಳು
ನನ್ನ ಹಾಗೆಯೇ ಕುಲುಮೆ ಹೊತ್ತಿಸಿ ಕೂತಿದ್ದಾಳೆ.
ಬಾಟಲಿಯನ್ನಲ್ಲ, ಕಡಲನ್ನೇ, ಗುಟುಕು ಗುಟುಕಾಗಿ ಸುಡುತ್ತ.
ಇಡೀ ಕಡಲು ಒಂದು ಸುತ್ತು ಬರಲು
ಎಷ್ಟು ಸಾವಿರ ಸಾವಿರ ವರ್ಷವೋ. ಅವಳಿಗೆ
ವರದಿ ಕೊಡುವ ಕೊನೆ ದಿನಾಂಕವಿಲ್ಲ.
ಎಲ್ಲ ಬೂದಿಯಾಗುವುದೂ ಇಲ್ಲವಂತೆ.
ಬಿಸಿ ಇಳಿದ ಬಿರುಕುಗಳಲ್ಲಿ ಕಣ್ಣಿಗೆ ಕಾಣದ ಜೀವಗಳು
ಉರಿಯುವ ಮನೆಯಲ್ಲಿ ಗಳ ಹಿರಿದ ಹಾಗೆ
ಸಿಕ್ಕಿದ್ದನ್ನು ಎಳೆದು ತಿನ್ನುತ್ತವೆ.

ಮೌನೇಶಾಚಾರರಿಗೆ ಫೋನು ಮಾಡಿದೆ.
ಕಾಮಾಕ್ಷಿಪಾಳ್ಯದಲ್ಲಿ, ಮಗಳ ಮನೆಯ ಮಹಡಿಯಲ್ಲಿದ್ದರು.
"ಹನ್ನೊಂದು ಬಂತು ಸಾರ್."
"ಖಾಲಿ ಬಾಟಲಿದು?"
"ಒಂದು. ಎಷ್ಟು ಸುಟ್ಟರೂ ಒಂದು ಉಳಿಯತ್ತೆ."
"ಅದು ನಂದೇ ಇರಬೇಕು ಬಿಡು,"
ನಕ್ಕರು, ನಗು ಕೆಮ್ಮಾಯಿತು,
ಕೆಮ್ಮು ನಿಲ್ಲುವವರೆಗೆ
ಫೋನು ಹಿಡಿದೇ ನಿಂತಿದ್ದೆ.

ಅಳೆದು ಮುಗಿದ ಅನಿಲ
ಸಣ್ಣ ಕೊಳವೆ ಹಿಡಿದು ಕಿಟಕಿಯಾಚೆ ಹೋಗುತ್ತದೆ.
ಅಲ್ಲೊಂದು ಮಳೆಮರ. ಮಧ್ಯಾಹ್ನ ಎರಡೂವರೆ.
ಬೆಳಕು ಕಂಡು ಐದು ಸಾವಿರ ವರ್ಷವಾದದ್ದು
ಎಲೆಯ ಬಾಗಿಲು ತಟ್ಟಿತೋ,
ಯಶವಂತಪುರದ ಬಸ್ಸಿನ ಹೊಗೆಗೆ ಜೊತೆಯಾಯಿತೋ,
ಅಷ್ಟು ಸಣ್ಣದನ್ನು ಹಿಂಬಾಲಿಸುವ ಯಂತ್ರ
ನಮ್ಮ ಬಜೆಟ್ಟಿನಲ್ಲಿಲ್ಲ.

ಹದಿನೆಂಟನೆಯದು ಕರಗಲು ಇನ್ನೂ ಅರ್ಧ ಗಂಟೆ ಬೇಕು.
ಕಾಫಿ ಹೊರಗೇ ಕುಡಿಯಬೇಕು,
ಇಲ್ಲಿ ನಿಟ್ಟುಸಿರಿಟ್ಟರೂ
ಲೆಕ್ಕ ತಪ್ಪುತ್ತದೆ.