ಆರುವ ತನಕ

ಮೂರನೇ ಸುತ್ತಿಗೆ ಮತ್ತೆ ಮುಳ್ಳು ಕೆಂಪಿಗೆ ಬಂತು.
ನಾರೆವ್ ನದಿಯ ಬಯಲು, ಜುಲೈ, ಅರ್ಧ ಕೊಯ್ದ ಹುಲ್ಲು.
ಕಪ್ಪೆಗಳ ಆಸೆಗೆ ನಮ್ಮ ಹಿಂದೆಯೇ ನಡೆದು ಬರುತ್ತಿದ್ದ ಕೊಕ್ಕರೆಗಳು
ನಾವು ನಿಂತದ್ದು ಕಂಡು ತಾವೂ ನಿಂತವು,
ದಿನಗೂಲಿಯವರ ಹಾಗೆ.

"ತಕ್ಷಣ ಆಫ್ ಮಾಡಬೇಡ. ಒಂದು ಗಳಿಗೆ ಹಾಗೇ ಬಿಡು,
ಉಸಿರಾಡಿಕೊಳ್ಳಲಿ," ಅಂದರು ಮಾವ.
ಆಮೇಲೆ ತಾವೇ ಬಂದು ನಿಲ್ಲಿಸಿದರು.
ನನ್ನ ಕೈ ರೇಡಿಯೇಟರಿನ ಮುಚ್ಚಳದ ಕಡೆ ಹೋದದ್ದೇ ತಡ
ಅಂಗಿಯ ತೋಳು ಮಡಚಿ ತೋರಿಸಿದರು:
ಮಣಿಕಟ್ಟಿನಿಂದ ಮೊಣಕೈವರೆಗೆ
ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿದ ಚರ್ಮ.
"ಇದೇ ಮುಚ್ಚಳ. ಇದೇ ಅವಸರ.
ಬೇಯೋ ತನಕ ಕಾದವಳು
ಆರೋ ತನಕ ಕಾಯೋಕಾಗಲ್ವಾ?"

ಕೂತೆವು, ದೊಡ್ಡ ಚಕ್ರದ ನೆರಳಲ್ಲಿ.
ಮುದಿ ಉರ್ಸುಸ್ ಒಳಗೊಳಗೇ ಟಿಕ್ಕೆನ್ನುತ್ತ ತಣಿಯುತ್ತಿತ್ತು.
ಈ ಮನೆಗೆ ಬಂದು ಹನ್ನೊಂದು ವರ್ಷ;
ಕ್ಸಾವೆರಿ ಮಾವ ನನ್ನೊಡನೆ ಆಡಿದ ಮಾತೆಲ್ಲ ಸುರಿದರೂ
ಒಂದು ಬಕೆಟ್ ತುಂಬದು.
ಇವತ್ತು ಮಾತ್ರ
ಎಂಜಿನ್ ಕುದಿದಾಗಲೆಲ್ಲ ಒಂದಿಷ್ಟು.

ಮೊದಲ ಸಲ ನಿಂತಾಗ ಹೇಳಿದ್ದು:
ಲುತ್ಸಿಯಾನ್ ಅಂತ ಒಬ್ಬ ತಮ್ಮ ಇದ್ದ.
ನಮ್ಮ ಗೋಡೆಯ ಯಾವ ಫೋಟೋದಲ್ಲೂ ಅವನಿಲ್ಲ.

ಎರಡನೇ ಸಲ:
ಆಗೆಲ್ಲ ರೇಡಿಯೇಟರಿಗೆ ಬರೀ ನೀರು.
ಚಳಿಗಾಲದಲ್ಲಿ ಪ್ರತಿ ರಾತ್ರಿ ಬಸಿಯಬೇಕು,
ಬೆಳಿಗ್ಗೆ ಒಲೆಯ ಮೇಲೆ ಕಾಯಿಸಿ ಮತ್ತೆ ಹುಯ್ಯಬೇಕು,
ಹಸುಗೂಸಿಗೆ ನೀರೆರೆದ ಹಾಗೆ, ಬಿಸಿ ನೋಡಿ ನೋಡಿ.

ಈಗ, ಮೂರನೆಯದು:
ಒಂದು ರಾತ್ರಿ ಬಸಿಯುವ ಸರದಿ ಲುತ್ಸಿಯಾನನದು.
ಆಚೆ ಊರಲ್ಲಿ ಮದುವೆ, ಅಕಾರ್ಡಿಯನ್. ಅವನಿಗೆ ಹತ್ತೊಂಬತ್ತು.
ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
"ಕಬ್ಬಿಣ ಸೀಳಿದ ಸದ್ದು ನನಗೆ ಕೇಳಿಸಿತು.
ಹಾಸಿಗೆಯಲ್ಲಿದ್ದೆ.
ನೀರು ಬಸಿದಿಲ್ಲ ಅಂತ ಮಲಗುವ ಮುಂಚೆಯೇ ಗೊತ್ತಿತ್ತು,
ಸರದಿ ನನ್ನದಲ್ಲವಲ್ಲ ಅಂತ ಮಗ್ಗುಲು ಬದಲಿಸಿದ್ದೆ.
ಬೆಳಿಗ್ಗೆ ಅಪ್ಪ ಲಾಟೀನು ಹಿಡಿದು ಹೋದ.
ಬ್ಲಾಕಿನ ಬಿರುಕಲ್ಲಿ ಮಂಜುಗಡ್ಡೆ ನಾಲಿಗೆ ಚಾಚಿತ್ತು.
ಅಪ್ಪ ನಮ್ಮಿಬ್ಬರ ಕಡೆ ತಿರುಗಿ..."

ಮುಳ್ಳು ಇಳಿದಿತ್ತು. ಮಾವ ಎದ್ದರು.
ಚಿಂದಿಯನ್ನು ನಾಲ್ಕು ಮಡಿಕೆ ಮಾಡಿ
ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿದರು.
ಉಸ್ಸೆಂದದ್ದು ಅದೋ, ಅವರೋ.

ರಾತ್ರಿ ಥರ್ಮೋಸ್ಟಾಟ್ ಬಿಚ್ಚಿ
ದಾರ ಕಟ್ಟಿ ಸೂಪಿನ ಪಾತ್ರೆಗೆ ಇಳಿಬಿಟ್ಟೆ,
ಪಕ್ಕದಲ್ಲಿ ಜಾಮ್ ಮಾಡುವಾಗಿನ ಥರ್ಮಾಮೀಟರು.
ಎಂಬತ್ತು. ತೊಂಬತ್ತು. ನೀರು ಕೊತಕೊತ ಕುದಿಯಿತು.
ತುಟಿ ಬಿಚ್ಚಲಿಲ್ಲ.
"ಕಿತ್ತೆಸೆದು ಹಾಗೇ ಓಡಿಸು,
ಎಲ್ಲರೂ ಹಾಗೇ ಓಡಿಸೋದು," ಅಂದ ಪಕ್ಕದ ಮನೆಯ ತೆಯೋಫಿಲ್.
ನಾನು ಪೇಟೆಗೆ ಹೋಗಿ ಹೊಸದು ತಂದೆ.
ಅದು ಎಂಬತ್ತಕ್ಕೇ, ಗುಬ್ಬಿಮರಿಯ ಹಾಗೆ, ಬಾಯಿ ತೆರೆಯಿತು.
ರೇಡಿಯೇಟರಿನ ಸಂದುಗಳಿಂದ ಬ್ರಷ್ಷಿಗೆ ಬಂದದ್ದು
ಎರಡು ಬೊಗಸೆ ಹೊಟ್ಟು, ಸತ್ತ ಪತಂಗಗಳು, ಒಂದು ಬಿಳಿ ಗರಿ.
ಬೆಲ್ಟನ್ನೂ ಬಿಗಿದೆ.

ಮಾರನೇ ದಿನ ಹನ್ನೊಂದು ಸುತ್ತು, ಒಂದೇ ಉಸಿರಿಗೆ.
ಮುಳ್ಳು ಹಸಿರಿನಿಂದ ಅಲುಗಲಿಲ್ಲ.
ಕೊಕ್ಕರೆಗಳಿಗೂ ವಿಶ್ರಾಂತಿಯಿಲ್ಲ.
ಬದುವಿನ ಪಾಪ್ಲರ್ ಮರದ ಕೆಳಗೆ
ಮೊಣಕಾಲ ಮೇಲೆ ಟೋಪಿ ಇಟ್ಟು ಮಾವ ಕೂತಿದ್ದರು,
ಪ್ರತಿ ಸುತ್ತಿಗೂ ಕೈಯೆತ್ತಿದರು, ನಾನೂ ಎತ್ತಿದೆ.

ಸಂಜೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ,
"ಚೆನ್ನಾಗಿ ಮಾಡಿದ್ದೀಯ," ಅಂದರು, ಅಷ್ಟೇ.
ಮನೆಯ ಕಡೆ ನಡೆದರು.
ಕೇಳಬಹುದಿತ್ತು.

ಹಳೆಯ ಥರ್ಮೋಸ್ಟಾಟ್ ಇನ್ನೂ ನನ್ನ ಜೇಬಿನಲ್ಲಿದೆ.
ಸೆಪ್ಟೆಂಬರಿನಲ್ಲಿ
ಎರಡನೇ ಕೊಯ್ಲು.