ಆಕ್ಷೇಪವಿಲ್ಲ ಎಂಬ ಕಾಗದ

ಕ್ವಾದ್ರೋಸ್ ಮಾಮ ಗೇಟಿನಾಚೆಯೇ ನಿಂತು
ಕಾಗದ ಚಾಚಿದ.
ಹಗಲು ಹತ್ತೂವರೆ. ನನಗದು ನಡುರಾತ್ರಿ.

ಅವನ ಮಾಳಿಗೆಯ ಮೇಲೊಂದು ಗಾಳಿಯಂತ್ರ,
ಮೂರು ರೆಕ್ಕೆ, ಹನ್ನೆರಡು ಮೀಟರ್ ಎತ್ತರ;
ಎಡಬಲದವರಿಗೆ ಆಕ್ಷೇಪವಿಲ್ಲವೆಂದು
ಪಂಚಾಯಿತಿಗೆ ಎರಡು ಸಹಿ ಬೇಕಂತೆ.
ಎಡಕ್ಕೆ ಬೀಗ ಜಡಿದ ಮನೆ, ಯಜಮಾನ ಲಿಸ್ಬನ್ನಿನಲ್ಲಿ.
ಬಲಕ್ಕೆ ನಾನು.

ಅಂದಾಜು ಸಿಗಲೆಂದು ಬಿದಿರಿಗೆ ಬಿದಿರು ಕಟ್ಟಿ
ತುದಿಗೊಂದು ಕೆಂಪು ಟವೆಲ್ ಬಿಗಿದು ನಿಲ್ಲಿಸಿದ್ದಾನೆ.
"ಇಷ್ಟೇ. ನನ್ನ ತೆಂಗಿಗಿಂತ ಒಂದು ಮೊಳ ಹೆಚ್ಚು."
ಆ ತೆಂಗು ವರ್ಷಕ್ಕೆ ನನ್ನ ಮೂರು ಹೆಂಚು ಒಡೆಯುತ್ತದೆ,
ಬಿದ್ದ ಕಾಯಿ ನಾನಿಟ್ಟುಕೊಳ್ಳುತ್ತೇನೆ.
ಅದಕ್ಕೆ ಯಾವ ಕಾಗದವೂ ಇಲ್ಲ.

ಆಸ್ಪತ್ರೆಯಲ್ಲಿ ನನ್ನದು ರಾತ್ರಿ ಪಾಳಿ.
ಎಂಟಕ್ಕೆ ಬಂದು, ಎರಡು ಪಾವು ಚಹಾಕ್ಕದ್ದಿ ತಿಂದು,
ಕಿಟಕಿಗೆ ಹಳೆಯ ಇಳಕಲ್ ಸೀರೆ ಇಳಿಬಿಟ್ಟು
ಮೂರರ ತನಕ ಕೊರಡಿನಂತೆ ಬಿದ್ದಿರುವವಳು.

"ಸದ್ದು ಬರುತ್ತಲ್ಲ ಮಾಮಾ" ಎಂದೆ,
ಕೊಪ್ಪಳದ ಖಾರ ಬಿಡದ ನನ್ನ ಕೊಂಕಣಿಯಲ್ಲಿ.
ಅವನು ಮೇಲೆ ನೋಡಿದ. ಸರಿಯಾಗಿ ಆಗಲೇ
ದಾಬೋಳಿಗಿಳಿಯುವ ವಿಮಾನವೊಂದು
ಇಬ್ಬರ ನೆತ್ತಿಯನ್ನೂ ಸವರಿಕೊಂಡು
ಹೊಟ್ಟೆಯ ತಿರುಪುಗಳನ್ನೆಲ್ಲ ತೋರಿಸುತ್ತ ಹೋಯಿತು.
ಮತ್ತೆ ಮಾತು ಕೇಳಿಸುವಂತಾದಾಗ:
"ಇದಕ್ಕೆ ಸಹಿ ಕೇಳಿದ್ದರಾ ನಿನ್ನ ಹತ್ತಿರ?"

ಕೇಳಿರಲಿಲ್ಲ.

ಅಂದಿನಿಂದ ಇಲ್ಲದ ಯಂತ್ರ ತಿರುಗುತ್ತದೆ.
ಸೀರೆಯ ಮೇಲೆ ನೆರಳು ಬಂದು, ಹೋಗಿ, ಬಂದು,
ಎದ್ದು ನೋಡಿದರೆ ಟವೆಲ್.
ಹದಿನೇಳು ವರ್ಷ ಈ ಚಿಖಲಿಯಲ್ಲಿದ್ದು
ಗಾಳಿ ಎತ್ತಲಿಂದ ಬರುತ್ತದೆಂದು ಕೇಳಿಕೊಂಡವಳಲ್ಲ.
ಈಗ ಗೊತ್ತು: ಬೆಳಿಗ್ಗೆ ಜುವಾರಿಯ ಕೆಸರಿನ ಕಡೆಯಿಂದ, ಮೆಲ್ಲಗೆ,
ಮಧ್ಯಾಹ್ನ ತಿರುಗಿ ಬಂದರಿನ ಕಡೆಯಿಂದ;
ಆಗ ಹಗ್ಗದ ಮೇಲಿನ ಬಿಳಿ ಯೂನಿಫಾರ್ಮಿನ ತೋಳಿಗೆ
ಕಲ್ಲಿದ್ದಲ ಸಣ್ಣ ಪುಡಿ.
ಹನ್ನೊಂದರಿಂದ ಹನ್ನೆರಡರ ನಡುವೆ ಯಾವ ಕಡೆಯಿಂದಲೂ ಇಲ್ಲ.
ಟವೆಲ್ ನೇತಾಡುತ್ತದೆ, ಸ್ನಾನ ಮರೆತವನ ಹೆಗಲ ಮೇಲಿದ್ದಂತೆ.

ರಜೆಯ ದಿನ ಕಾಗದ ಹಿಡಿದು ನಾನೇ ಹೋದೆ.
ಯಂತ್ರ ಬಂದಾಗಿದೆ. ರಟ್ಟಿನ ಪೆಟ್ಟಿಗೆಯಲ್ಲಿ, ಅಂಗಳದಲ್ಲಿ,
ಮೇಲೊಂದು ಕೋಳಿ ಕಾವು ಕೂತಿದೆ.
ಒಳಗೆ, ಡಿಸೆಂಬರಿನ ಚಳಿಯಲ್ಲೂ ಟೇಬಲ್ ಫ್ಯಾನು,
ಖಾಲಿ ಫ್ರಿಜ್ಜು, ಎರಡೂ ಗೊರಗೊರ.

"ಕರೆಂಟಿಗಲ್ಲ ಬಾಯಿ. ನನ್ನ ಬಿಲ್ಲು ನಾನೂರು ದಾಟುವುದಿಲ್ಲ.
ಮೂವತ್ತೊಂದು ವರ್ಷ ಹಡಗಿನ ಎಂಜಿನ್ ಮೇಲೆ ಮಲಗಿದವನು.
ಈ ಮನೆ ರಾತ್ರಿ ಹನ್ನೆರಡಕ್ಕೆ ಎಷ್ಟು ಸುಮ್ಮನಾಗುತ್ತದೆ ಅಂದರೆ
ಕಿವಿ ನೋಯುತ್ತದೆ."

ಬಿಸ್ಕತ್ತಿನ ಡಬ್ಬಿ ನನ್ನ ಕಡೆ ತಳ್ಳಿದ.
ನಾನೂ ಹೇಳಿದೆ, ಯಾರಿಗೂ ಹೇಳಿರದಿದ್ದನ್ನು.
ಸದ್ದಿಗೆ ಹೆದರಲ್ಲ ಮಾಮಾ. ವಾರ್ಡಿನಲ್ಲಿ
ಬೆಳಗಿನ ತನಕ ಆಕ್ಸಿಜನ್ ಯಂತ್ರಗಳ ಹಾಡೇ ಹಾಡು,
ಆ ಮೊರೆತದಲ್ಲೇ ಫೈಲು ಬರೆಯುತ್ತೇನೆ.
ಒಂದು ನಿಂತರೆ ಸಾಕು,
ನನಗೆ ತಿಳಿಯುವ ಮೊದಲೇ ಕಾಲು ಓಡಿರುತ್ತದೆ.
ನಿಮ್ಮದು ತಿರುಗುವಷ್ಟು ಹೊತ್ತು ಮಲಗಿಯೇನು.
ಹನ್ನೊಂದಕ್ಕೆ ಗಾಳಿ ಬೀಳುತ್ತದಲ್ಲ,
ಆಗ ಎದ್ದು ಓಡುತ್ತೇನೆ.
ಯಾರ ಮಂಚಕ್ಕೆ ಓಡಲಿ?

ಅವನು ಫ್ಯಾನು ನೋಡುತ್ತ ಬಹಳ ಹೊತ್ತು ಕೂತ.
"ಹಡಗಿನಲ್ಲೂ ಹಾಗೇ" ಎಂದ.
"ಎಂಜಿನ್ ನಿಂತರೆ ಮಲಗಿದವರೆಲ್ಲ
ಲುಂಗಿ ಕಟ್ಟಿಕೊಳ್ಳುತ್ತ ಮೇಲೆ ಓಡುತ್ತಿದ್ದೆವು."

ಕಾಗದ ನನ್ನ ಅಕ್ಕಿ ಡಬ್ಬದ ಕೆಳಗಿದೆ.
ಟವೆಲ್ ಬಿಸಿಲಿಗೆ ಗುಲಾಬಿಯಾಗಿದೆ.
ನಿನ್ನೆ ಬಿದಿರು ನನ್ನ ಹೆಂಚಿನತ್ತ ವಾಲಿತು;
ನಿದ್ದೆಗಣ್ಣಲ್ಲೇ ಹೋಗಿ ಹಗ್ಗ ಜಗ್ಗಿ ಹಿಡಿದೆ,
ಅವನು ಗಂಟು ಹಾಕಿದ. ಖಲಾಸಿಗಳ ಗಂಟು,
ಎಳೆದಷ್ಟೂ ಬಿಗಿಯುವಂಥದು,
ಬೇಕೆಂದಾಗ ಒಂದೇ ಬೆರಳಿಗೆ ಬಿಚ್ಚುವಂಥದು.
ಹೇಗೆಂದು ಎರಡು ಸಲ ತೋರಿಸಿದ.
ನನಗೆ ಬರಲಿಲ್ಲ.